ಮಗನ ಕೈಗೆ ನಕ್ಷೆ ಕೊಡಿ

(ಸಂಸ್ಥೆಯ ವಾರ್ಷಿಕ ಪೋಷಕರ ಸಮಾವೇಶದಲ್ಲಿ ‘ಪ್ರವಾಸ ಮತ್ತು ಶಿಕ್ಷಣ’ ಎಂಬ ವಿಷಯದ ಮೇಲೆ ಮಾಡಿದ ಭಾಷಣದ ಬರಹರೂಪ)



‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬ ಮಾತನ್ನು ನಾವೆಲ್ಲ ಪ್ರಬಂಧಗಳಲ್ಲಿ ಬರೆದು ಅಂಕ ಪಡೆದವರು. ಈ ಗಾದೆಯನ್ನು ವಿವರಿಸಲು ನಾನಿಲ್ಲಿ ನಿಂತಿಲ್ಲ. ನನಗೆ ಕೊಟ್ಟಿರುವ ವಿಷಯ ಬಹಳ ದೊಡ್ಡದು. ಅದರಲ್ಲಿ ಒಂದು ಸಣ್ಣ ಪ್ರಶ್ನೆಯನ್ನು ಮಾತ್ರ ಎತ್ತಿಕೊಳ್ಳುತ್ತೇನೆ. ವರ್ಷಗಟ್ಟಲೆ ಹಣ ಕೂಡಿಸಿ, ವೀಸಾ ಮಾಡಿಸಿ, ಒಂದು ಯುರೋಪಿಯನ್ ನಗರಕ್ಕೆ ಮಗನನ್ನೋ ಮಗಳನ್ನೋ ಕರೆದುಕೊಂಡು ಹೊರಟಿದ್ದೀರಿ. ಆ ಮಗುವಿಗೆ ಹದಿನೈದು ವರ್ಷ. ‘ಮ್ಯೂಸಿಯಂ ಅಂದ್ರೆ ನನಗೆ ಆಗಲ್ಲ’ ಎಂದು ಅದು ಮೊದಲೇ ಹೇಳಿಬಿಟ್ಟಿದೆ. ಈಗ ಏನು ಮಾಡುತ್ತೀರಿ?

ಇದು ಶ್ರೀಮಂತರ ಚಿಂತೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಈ ಸಭೆಯಲ್ಲಿರುವ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ಕೊಲ್ಲಿಯಲ್ಲಿ ದುಡಿಯುತ್ತಿದ್ದಾರೆ, ಕೆಲವರ ಬಂಧುಗಳು ಇಂಗ್ಲೆಂಡಿನಲ್ಲಿ ನೆಲೆಸಿದ್ದಾರೆ. ಹತ್ತು ವರ್ಷಕ್ಕೊಮ್ಮೆಯಾದರೂ ಇಂಥ ಒಂದು ಪ್ರಯಾಣ ನಮ್ಮ ಮನೆಗಳಲ್ಲಿ ಒದಗಿ ಬರುತ್ತದೆ. ಒದಗಿ ಬಂದಾಗ ಅದನ್ನು ಹಾಳು ಮಾಡಿಕೊಳ್ಳಬಾರದು.

ಮಕ್ಕಳು ಏಕೆ ಬೇಡ ಎನ್ನುತ್ತಾರೆ?

ಮೊದಲು ಮಕ್ಕಳ ಪರವಾಗಿ ಎರಡು ಮಾತು. ತರಗತಿಯಲ್ಲಿ ಈ ವಯಸ್ಸಿನವರ ಜೊತೆಯೇ ದಿನ ಕಳೆಯುವ ನನಗೆ ಅವರ ದೂರಿನಲ್ಲಿ ಹುರುಳಿದೆ ಎನ್ನಿಸುತ್ತದೆ. ವಸ್ತುಸಂಗ್ರಹಾಲಯದಲ್ಲಿ ಮುಟ್ಟುವಂತಿಲ್ಲ, ಓಡುವಂತಿಲ್ಲ, ಜೋರಾಗಿ ಮಾತಾಡುವಂತಿಲ್ಲ. ಗಂಟೆಗಟ್ಟಲೆ ನಿಧಾನವಾಗಿ ನಡೆದು ಕಾಲು ಸೋಲುತ್ತದೆ. ಒಂದು ಗಾಜಿನ ಪೆಟ್ಟಿಗೆಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಮೊದಲನೆಯದು ಮರೆತುಹೋಗಿರುತ್ತದೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಒಂದರಲ್ಲೇ ಸುಮಾರು 80 ಲಕ್ಷ ವಸ್ತುಗಳಿವೆ. ಅದರಲ್ಲಿ ಪ್ರದರ್ಶನಕ್ಕಿಟ್ಟಿರುವುದು ಒಂದು ಸಣ್ಣ ಪಾಲು ಮಾತ್ರ. ಅಷ್ಟನ್ನು ನೋಡುವುದಕ್ಕೂ ಒಂದು ದಿನ ಸಾಲದು.

ಇದರ ಮೇಲೆ ನಮ್ಮ ಉಪದ್ರವವೂ ಇದೆ. ‘ಓದು, ಬೋರ್ಡಿನಲ್ಲಿ ಏನು ಬರೆದಿದೆ ಓದು’, ‘ಇದು ನಿನ್ನ ಪಾಠದಲ್ಲಿ ಇತ್ತಲ್ಲ, ಹೇಳು ನೋಡೋಣ’, ‘ಇಷ್ಟು ಖರ್ಚು ಮಾಡಿ ಕರೆದುಕೊಂಡು ಬಂದರೆ ಮೊಬೈಲ್ ನೋಡ್ತಾ ಇದ್ದಾನೆ’. ರಜೆಯಲ್ಲೂ ಮಗುವಿಗೆ ಪರೀಕ್ಷಾ ಕೊಠಡಿ ತಪ್ಪಲಿಲ್ಲ. ಹೀಗಾಗಿ ‘ಮ್ಯೂಸಿಯಂ ಬೇಡ’ ಎನ್ನುವ ಮಗು ಅನೇಕ ಸಲ ಹೇಳುತ್ತಿರುವುದು ‘ನನ್ನನ್ನು ಎಲ್ಲರ ಮುಂದೆ ಪರೀಕ್ಷೆ ಮಾಡಬೇಡಿ’ ಎಂದು. ಹಳೆಯ ವಸ್ತುವಿನ ಮೇಲೆ ಅದಕ್ಕೆ ಸಿಟ್ಟಿರುವುದಿಲ್ಲ. ಇದನ್ನು ತಿಳಿದುಕೊಂಡರೆ ಯೋಜನೆ ಅರ್ಧ ಮುಗಿದಂತೆ.

ಒಂದು ಕುಟುಂಬದ ಉದಾಹರಣೆ

ನನ್ನ ಅಕ್ಕನ ಮನೆಯ ಉದಾಹರಣೆಯನ್ನೇ ಹೇಳುತ್ತೇನೆ. ಭಾವ ಸೌದಿಯಲ್ಲಿ ಕೆಲಸ ಮಾಡುತ್ತಾರೆ. ವರ್ಷಕ್ಕೊಮ್ಮೆ ಸುಮಾರು ನಲವತ್ತು ದಿನ ಊರಿಗೆ ಬರುತ್ತಾರೆ. ಮಗ ನಡೆಯಲು ಕಲಿತದ್ದು, ಸೈಕಲ್ ಕಲಿತದ್ದು, ಮೀಸೆ ಚಿಗುರಿದ್ದು ಎಲ್ಲವನ್ನೂ ಫೋನಿನಲ್ಲೇ ನೋಡಿದವರು. 2024ರ ಮೇ ತಿಂಗಳಲ್ಲಿ, ಮಗ ಎಸ್ಸೆಸ್ಸೆಲ್ಸಿಗೆ ಕಾಲಿಡುವ ಮುಂಚೆ, ಮೂವರೂ ಎಂಟು ದಿನ ಲಂಡನ್ನಿಗೆ ಹೋಗುವುದೆಂದು ತೀರ್ಮಾನಿಸಿದರು. ಪೂರ್ವ ಲಂಡನ್ನಿನಲ್ಲಿ ಭಾವನ ಚಿಕ್ಕಪ್ಪನ ಮಗನ ಮನೆ ಇದೆ, ಹೋಟೆಲ್ ಖರ್ಚಿಲ್ಲ. ಭಾವ ದಮ್ಮಾಮಿನಲ್ಲೇ ಕುಳಿತು ಪಟ್ಟಿ ತಯಾರಿಸಿ ಕಳಿಸಿದರು. ಎಂಟು ದಿನಕ್ಕೆ ಹನ್ನೊಂದು ಮ್ಯೂಸಿಯಂ! ಮಗ ಪಟ್ಟಿ ನೋಡಿ, ‘ಖಾಲಾ, ಅಬ್ಬಾಗೆ ಹೇಳಿ, ಅವರೂ ಅಮ್ಮಿಯೂ ಹೋಗಿ ಬರಲಿ, ನಾನು ನಾನಿ ಮನೆಯಲ್ಲಿ ಇರ್ತೀನಿ’ ಎಂದ.

ಭಾವನ ಆಸೆಯಲ್ಲಿ ತಪ್ಪೇನಿರಲಿಲ್ಲ. ತಾನು ಕೊಡಲಾಗದ ವರ್ಷಗಳನ್ನೆಲ್ಲ ಎಂಟು ದಿನದಲ್ಲಿ ತುಂಬಿ ಕೊಡಬೇಕು ಎಂಬ ತಂದೆಯ ಆತುರ ಅದು. ಆದರೆ ಮಗನಿಗೆ ಬೇಕಾದದ್ದು ತಂದೆ. ಪಟ್ಟಿಯ ಪ್ರಕಾರ ಹೋಗಿದ್ದರೆ ಎಂಟು ದಿನವೂ ಒಬ್ಬ ಮುಂದೆ, ಇನ್ನೊಬ್ಬ ಮುಖ ಊದಿಸಿಕೊಂಡು ಹತ್ತು ಹೆಜ್ಜೆ ಹಿಂದೆ.

ನಾನು ಲಂಡನ್ ನೋಡಿದವಳಲ್ಲ. ಆದರೆ ನಾನೂ ಹುಡುಗನೂ ನಾಲ್ಕು ಸಂಜೆ ಕುಳಿತು, ನಕ್ಷೆ ಹರಡಿಕೊಂಡು, ಓದಿ, ಬರೆದು, ಹೊಡೆದುಹಾಕಿ, ಮತ್ತೆ ಬರೆದು ಒಂದು ಯೋಜನೆ ಮಾಡಿದೆವು. ಮೊದಲೇ ಒಂದು ಒಪ್ಪಂದವಾಯಿತು. ದಿನಕ್ಕೆ ಒಂದೇ ಮುಖ್ಯ ಜಾಗ. ಒಟ್ಟು ಪ್ರವಾಸಕ್ಕೆ ಒಂದೇ ಮ್ಯೂಸಿಯಂ, ಅದೂ ಒಂದೇ ವಸ್ತು ನೋಡಲು, ಅರ್ಧ ಗಂಟೆ ಮಾತ್ರ. ಆ ಯೋಜನೆಯಿಂದ ನಮಗೆ ಸಿಕ್ಕ ಐದು ಸೂತ್ರಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯ ಸೂತ್ರ: ದಾರಿ ಹುಡುಕುವ ಕೆಲಸ ಮಗುವಿನದು

ಹದಿಹರೆಯದವರಿಗೆ ಹಿಂದೆ ಹಿಂದೆ ನಡೆಯುವುದಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿಲ್ಲ. ಅವರನ್ನೇ ಮುಂದೆ ಬಿಡಿ. ಲಂಡನ್ನಿನಲ್ಲಿ ಇದಕ್ಕೆ ಹೇಳಿ ಮಾಡಿಸಿದ ಸಾಧನ ಅಲ್ಲಿನ ನೆಲದಡಿಯ ರೈಲು. 1863ರ ಜನವರಿ 10ರಂದು ಪ್ಯಾಡಿಂಗ್ಟನ್ನಿನಿಂದ ಫ್ಯಾರಿಂಗ್ಡನ್ನಿಗೆ ಓಡಿದ ಆ ರೈಲು ಜಗತ್ತಿನ ಮೊದಲ ಭೂಗತ ರೈಲು. ವಿದ್ಯುತ್ ಇನ್ನೂ ಬಂದಿರಲಿಲ್ಲ. ಸುರಂಗದೊಳಗೆ ಹಬೆಯ ಎಂಜಿನ್ ಹೊಗೆ ಬಿಡುತ್ತಾ ಓಡುತ್ತಿತ್ತು, ಗಾಡಿಯೊಳಗೆ ಗ್ಯಾಸಿನ ದೀಪ. ಆಗಿನ ನಿಲ್ದಾಣಗಳಲ್ಲಿ ಒಂದಾದ ಬೇಕರ್ ಸ್ಟ್ರೀಟ್ ಇಂದಿಗೂ ಬಳಕೆಯಲ್ಲಿದೆ. ಅಲ್ಲಿ ಇಳಿದು ಹಳೆಯ ಇಟ್ಟಿಗೆಯ ಕಮಾನನ್ನು ನೋಡಲು ಬೇರೆ ಟಿಕೆಟ್ ಬೇಕಿಲ್ಲ.

ಆ ರೈಲಿನ ನಕ್ಷೆಯ ಕಥೆ ಇನ್ನೂ ಸೊಗಸಾಗಿದೆ. ಹ್ಯಾರಿ ಬೆಕ್ ಎಂಬ ನಕ್ಷೆಗಾರ 1931ರಲ್ಲಿ ಅದನ್ನು ಹೊಸ ರೀತಿಯಲ್ಲಿ ಬರೆದ. ನೆಲದ ಮೇಲಿನ ನಿಜವಾದ ದೂರವನ್ನು ಬಿಟ್ಟು, ವಿದ್ಯುತ್ ಸರ್ಕ್ಯೂಟಿನ ಚಿತ್ರದಂತೆ ಬರೀ ನೇರ ಗೆರೆ, ಓರೆ ಗೆರೆಗಳಲ್ಲಿ ಬರೆದ. ಅಧಿಕಾರಿಗಳು ಮೊದಲು ಬೇಡ ಎಂದರು. 1933ರಲ್ಲಿ ಅಚ್ಚು ಹಾಕಿ ಕೊಟ್ಟಾಗ ಜನ ಮೆಚ್ಚಿ ತೆಗೆದುಕೊಂಡರು. ಇವತ್ತು ಬೆಂಗಳೂರಿನ ನಮ್ಮ ಮೆಟ್ರೋದ ನಕ್ಷೆಯೂ ಅದೇ ಬಗೆಯದು. ಈ ಕಥೆ ಕೇಳಿದ ಹುಡುಗ ಮುದ್ರಿತ ನಕ್ಷೆಯೇ ಬೇಕೆಂದು ಹಟ ಹಿಡಿದು, ಮನೆಯಲ್ಲೇ ಕುಳಿತು ಬಣ್ಣದ ಪೆನ್ಸಿಲಿನಲ್ಲಿ ದಾರಿಗಳನ್ನು ಗುರುತು ಮಾಡಿದ. ವಿಮಾನ ನಿಲ್ದಾಣದಿಂದ ಪೂರ್ವ ಲಂಡನ್ನಿಗೆ ಹೋಗಲು ಹಳೆಯ ಪಿಕಾಡಿಲ್ಲಿ ಮಾರ್ಗ ಅಗ್ಗ, 2022ರಲ್ಲಿ ಆರಂಭವಾದ ಎಲಿಜಬೆತ್ ಮಾರ್ಗ ಬೇಗ. ಯಾವುದರಲ್ಲಿ ಹೋಗಬೇಕು ಎಂಬುದನ್ನು ಅವನಿಗೇ ಬಿಟ್ಟೆವು. ಅಮ್ಮಿಗೆ ಮಂಡಿ ನೋವು, ಎರಡು ಕಡೆ ಹತ್ತಿ ಇಳಿಯುವುದು ಬೇಡ ಎಂದು ಅವನು ಎಲಿಜಬೆತ್ ಮಾರ್ಗವನ್ನೇ ಆರಿಸಿದ. ಹದಿನೈದರ ಹುಡುಗ ತಾಯಿಯ ಮಂಡಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದರೆ ನಿರ್ಧಾರ ಅವನ ಕೈಯಲ್ಲಿರಬೇಕು.

ಒಂದು ಉಪಯುಕ್ತ ವಿಷಯ. 11ರಿಂದ 15 ವರ್ಷದ ಪ್ರವಾಸಿ ಮಕ್ಕಳಿಗೆ ಅಲ್ಲಿನ ಆಯ್ಸ್ಟರ್ ಕಾರ್ಡಿನಲ್ಲಿ 14 ದಿನದವರೆಗೆ ಅರ್ಧ ದರದ ರಿಯಾಯಿತಿ ಉಂಟು. ದೊಡ್ಡವರ ಜೊತೆ ಹೋಗಿ ನಿಲ್ದಾಣದ ಸಿಬ್ಬಂದಿಯನ್ನು ಕೇಳಿ ಹಾಕಿಸಿಕೊಳ್ಳಬೇಕು. ತಾನಾಗಿ ಬರುವುದಿಲ್ಲ.

ಎರಡನೆಯ ಸೂತ್ರ: ಜಾಗ ತೋರಿಸುವ ಮೊದಲು ಪ್ರಶ್ನೆ ಕೊಡಿ

ಸೋಹೋ ಎಂಬ ಬಡಾವಣೆಯ ಬ್ರಾಡ್ವಿಕ್ ರಸ್ತೆಯಲ್ಲಿ ಒಂದು ನೀರಿನ ಪಂಪು ನಿಂತಿದೆ. ಅದಕ್ಕೆ ಹಿಡಿಕೆ ಇಲ್ಲ. ಏಕಿಲ್ಲ? ಇದೇ ಪ್ರಶ್ನೆ.

1854ರ ಆಗಸ್ಟ್ ಕೊನೆಯಲ್ಲಿ ಆ ಬಡಾವಣೆಗೆ ಕಾಲರಾ ಬಂತು. ಕೆಲವೇ ವಾರಗಳಲ್ಲಿ ಆರು ನೂರಕ್ಕೂ ಹೆಚ್ಚು ಜನ ಸತ್ತರು. ಕೆಟ್ಟ ಗಾಳಿಯಿಂದ ರೋಗ ಬರುತ್ತದೆ ಎಂದು ಆಗಿನ ಹೆಚ್ಚಿನ ವೈದ್ಯರ ನಂಬಿಕೆ. ಜಾನ್ ಸ್ನೋ ಎಂಬ ವೈದ್ಯ ಮಾತ್ರ ನೀರಿನ ಮೇಲೆ ಅನುಮಾನಪಟ್ಟು, ಮನೆ ಮನೆಗೆ ಹೋಗಿ ಯಾರು ಎಲ್ಲಿಂದ ನೀರು ತರುತ್ತಿದ್ದರು ಎಂದು ವಿಚಾರಿಸಿದ. ಸತ್ತವರಲ್ಲಿ ಹೆಚ್ಚಿನವರು ಒಂದೇ ಪಂಪಿನ ನೀರು ಕುಡಿದವರು. ಪಕ್ಕದಲ್ಲೇ ಇದ್ದ, ಐನೂರಕ್ಕೂ ಹೆಚ್ಚು ಬಡವರು ವಾಸವಿದ್ದ ಆಶ್ರಯಗೃಹದಲ್ಲಿ ಐದೇ ಸಾವು, ಏಕೆಂದರೆ ಅದಕ್ಕೆ ತನ್ನದೇ ಬಾವಿ ಇತ್ತು. ಮೈಲುಗಟ್ಟಲೆ ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ಒಬ್ಬ ವೃದ್ಧೆ ಅದೇ ರೋಗದಿಂದ ಸತ್ತಿದ್ದಳು. ಅವಳು ಹಿಂದೆ ಸೋಹೋದಲ್ಲಿ ಇದ್ದವಳು, ಆ ಪಂಪಿನ ನೀರಿನ ರುಚಿಗೆ ಮಾರುಹೋಗಿ ಗಾಡಿಯಲ್ಲಿ ತರಿಸಿ ಕುಡಿಯುತ್ತಿದ್ದಳು! ಸ್ನೋ ತನ್ನ ಲೆಕ್ಕವನ್ನು ಸ್ಥಳೀಯ ಆಡಳಿತದ ಮುಂದಿಟ್ಟ. ಸೆಪ್ಟೆಂಬರ್ 8ರಂದು ಪಂಪಿನ ಹಿಡಿಕೆಯನ್ನು ಕಿತ್ತರು. ಈಗ ಅಲ್ಲಿರುವುದು ಅದರ ನೆನಪಿಗೆ ನಿಲ್ಲಿಸಿದ ಪ್ರತಿರೂಪ.

ಈ ಕಥೆಯನ್ನು ಪಂಪಿನ ಮುಂದೆ ನಿಂತು ತಂದೆ ಹೇಳಿದ್ದರೆ ಅದು ಪಾಠವಾಗುತ್ತಿತ್ತು. ನಾವು ಹುಡುಗನಿಗೆ ಊರಿನಲ್ಲೇ ಪ್ರಶ್ನೆ ಕೊಟ್ಟೆವು, ಸ್ನೋ ಬರೆದ ಸಾವುಗಳ ನಕ್ಷೆಯನ್ನು ಕೊಟ್ಟೆವು, ಉತ್ತರ ಕೊಡಲಿಲ್ಲ. ಅವನು ಒಂದು ವಾರ ಅದನ್ನು ತಲೆಯಲ್ಲಿಟ್ಟುಕೊಂಡು ಓಡಾಡಿದ. ಸೋಹೋದಲ್ಲಿ ಅಬ್ಬಾನಿಗೆ ಕಥೆ ಹೇಳಿದವನು ಅವನೇ. ಕೇಳಿಸಿಕೊಂಡವರು ಅಬ್ಬಾ.

ಅಲ್ಲಿಂದ ಥೇಮ್ಸ್ ನದಿಯ ದಂಡೆಗೆ ನಡೆದರೆ ಕಥೆ ಮುಂದುವರಿಯುತ್ತದೆ. 1858ರ ಬೇಸಿಗೆಯಲ್ಲಿ ಹೊಲಸು ತುಂಬಿದ ನದಿ ಎಷ್ಟು ನಾರಿತೆಂದರೆ, ಪಾರ್ಲಿಮೆಂಟಿನವರು ಕಿಟಕಿಯ ಪರದೆಗಳನ್ನು ಸುಣ್ಣದ ಕ್ಲೋರೈಡಿನಲ್ಲಿ ಅದ್ದಿ ಕಟ್ಟಿದರು. ತಮ್ಮ ಮೂಗಿಗೇ ಬಂದಾಗ ಅವರು ಬೇಗ ಹಣ ಮಂಜೂರು ಮಾಡಿದರು. ಜೋಸೆಫ್ ಬಜಲ್ಗೆಟ್ ಎಂಬ ಎಂಜಿನಿಯರ್ ಊರಿನಡಿ ದೊಡ್ಡ ಚರಂಡಿಗಳ ಜಾಲವನ್ನೇ ಕಟ್ಟಿದ. 1870ರಲ್ಲಿ ತೆರೆದ ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟ್ ರಸ್ತೆಯ ಮೇಲೆ ನಡೆಯುವಾಗ ನಿಮ್ಮ ಕಾಲಡಿಯಲ್ಲಿ ಆ ಚರಂಡಿಯೂ ಇದೆ, ಭೂಗತ ರೈಲೂ ಇದೆ. ಮಕ್ಕಳಿಗೆ ಚರಂಡಿಯ ಕಥೆ ಹೇಳಲು ಸಂಕೋಚ ಬೇಡ. ರಾಜರ ಕಿರೀಟಕ್ಕಿಂತ ಅದು ಅವರಿಗೆ ಇಷ್ಟ.

ಮೂರನೆಯ ಸೂತ್ರ: ಕಾಲಿಗೂ ಕೈಗೂ ಕೆಲಸವಿರಲಿ

ಗ್ರೀನಿಚ್ ಎಂಬ ಹೆಸರು ನಮ್ಮ ಏಳನೆಯ ತರಗತಿಯ ಮಕ್ಕಳಿಗೂ ಗೊತ್ತು. ಸೊನ್ನೆ ರೇಖಾಂಶ ಹಾದುಹೋಗುವ ಊರು. 1884ರಲ್ಲಿ ವಾಷಿಂಗ್ಟನ್ನಿನಲ್ಲಿ ನಡೆದ ಸಮ್ಮೇಳನ ಅದನ್ನು ಜಗತ್ತಿನ ಮೂಲ ರೇಖೆ ಎಂದು ಒಪ್ಪಿತು. ನಮ್ಮ ಭಾರತೀಯ ಕಾಲಮಾನ 82½ ಡಿಗ್ರಿ ಪೂರ್ವ ರೇಖಾಂಶದ್ದು, ಆದ್ದರಿಂದ ಗ್ರೀನಿಚ್ಚಿಗಿಂತ ಐದೂವರೆ ಗಂಟೆ ಮುಂದೆ. ಇದು ಪುಸ್ತಕದ ಪಾಠ. ಹುಡುಗ ಲಂಡನ್ನಿನಲ್ಲಿಳಿದು ಗಡಿಯಾರ ನೋಡಿದರೆ ವ್ಯತ್ಯಾಸ ನಾಲ್ಕೂವರೆ ಗಂಟೆ ಮಾತ್ರ! ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಅವರು ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸಿಕೊಂಡಿರುತ್ತಾರೆ ಎಂಬುದನ್ನು ಅವನೇ ಕಂಡುಕೊಂಡ.

ಗ್ರೀನಿಚ್ಚಿಗೆ ಹೋಗುವ ದಾರಿಯನ್ನೂ ಆಟವಾಗಿಸಬಹುದು. 1987ರಲ್ಲಿ ಆರಂಭವಾದ ಡಾಕ್‌ಲ್ಯಾಂಡ್ಸ್ ರೈಲು ತಾನೇ ಓಡುತ್ತದೆ, ಮುಂದೆ ಚಾಲಕನ ಕೋಣೆ ಇಲ್ಲ. ಮೊದಲ ಸೀಟು ಸಿಕ್ಕರೆ ರೈಲನ್ನು ನಾವೇ ಓಡಿಸಿದಂತೆ. ಐಲ್ಯಾಂಡ್ ಗಾರ್ಡನ್ಸ್ ನಿಲ್ದಾಣದಲ್ಲಿ ಇಳಿದರೆ ಎದುರಿಗೆ ಥೇಮ್ಸ್. ಸೇತುವೆ ಇಲ್ಲ. ನದಿಯ ಕೆಳಗೆ ನಡೆದು ಹೋಗುವ ಸುರಂಗವಿದೆ. 1902ರಲ್ಲಿ ತೆರೆದದ್ದು, ಸುಮಾರು 370 ಮೀಟರ್ ಉದ್ದ. ನದಿಯ ದಕ್ಷಿಣದ ಕೂಲಿಗಳು ಉತ್ತರದ ಹಡಗುಕಟ್ಟೆಗಳಿಗೆ ಕೆಲಸಕ್ಕೆ ಹೋಗಲು ಮಾಡಿದ್ದು. ಬಿಳಿ ಹೆಂಚಿನ ಗೋಡೆ, ತಂಪು ಗಾಳಿ, ಮಾತು ಪ್ರತಿಧ್ವನಿಸುತ್ತದೆ. ನಡೆಯಲು ದುಡ್ಡಿಲ್ಲ.

ಗುಡ್ಡದ ಮೇಲಿನ ವೀಕ್ಷಣಾಲಯದ ಅಂಗಳದಲ್ಲಿ ಆ ರೇಖೆಯನ್ನು ಲೋಹದ ಪಟ್ಟಿಯಲ್ಲಿ ಗುರುತಿಸಿದ್ದಾರೆ. ಎರಡು ಕಡೆ ಕಾಲಿಟ್ಟು ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ. ಆದರೆ ಮೊಬೈಲಿನ ಜಿಪಿಎಸ್ ಹಿಡಿದು ಆ ಗೆರೆಯ ಮೇಲೆ ನಿಂತರೆ ಸೊನ್ನೆ ತೋರಿಸುವುದಿಲ್ಲ! ಜಿಪಿಎಸ್ಸಿನ ಸೊನ್ನೆ ಅಲ್ಲಿಂದ ಸುಮಾರು 102 ಮೀಟರ್ ಪೂರ್ವಕ್ಕಿದೆ. ಹಿಂದಿನ ಖಗೋಳತಜ್ಞರು ಆ ಜಾಗದ ಗುರುತ್ವಾಕರ್ಷಣೆ ಎಳೆಯುವ ದಿಕ್ಕನ್ನು ನೇರವೆಂದು ಹಿಡಿದು ಅಳೆದರು. ಆ ದಿಕ್ಕು ಭೂಮಿಯ ನಡುಬಿಂದುವಿನಿಂದ ತುಸು ಓರೆಯಾಗಿದೆ. ಉಪಗ್ರಹಗಳು ಭೂಮಿಯ ನಡುಬಿಂದುವಿನಿಂದಲೇ ಲೆಕ್ಕ ಹಾಕುತ್ತವೆ. ಹಳೆಯವರು ತಪ್ಪು ಎಣಿಸಿದರು ಎಂದಲ್ಲ, ಅಳತೆಯ ಆಧಾರ ಬದಲಾಗಿದೆ.

ಮೊಬೈಲ್ ಕಸಿದುಕೊಳ್ಳುವ ಬದಲು ಅದಕ್ಕೊಂದು ಕೆಲಸ ಕೊಟ್ಟಂತಾಯಿತು. ತಂದೆ ಮಗ ಇಬ್ಬರೂ ಮೊಬೈಲ್ ಹಿಡಿದು ಉದ್ಯಾನದ ಹುಲ್ಲಿನಲ್ಲಿ ಹಿಂದೆ ಮುಂದೆ ಓಡಾಡಿದ್ದನ್ನು ಅಕ್ಕ ವೀಡಿಯೊ ಮಾಡಿ ಕಳಿಸಿದ್ದಳು. ಆ ರಾತ್ರಿ ಹುಡುಗನ ಸಂದೇಶ ಮೂರೇ ಪದ: ‘ಖಾಲಾ, ಸೊನ್ನೆ ಸಿಕ್ಕಿತು.’

ನಾಲ್ಕನೆಯ ಸೂತ್ರ: ಮಗುವಿನ ಇಷ್ಟದ ಬಾಗಿಲಿನಿಂದಲೇ ಒಳಗೆ ಹೋಗಿ

ಕೆಲವರಿಗೆ ಸಂಗೀತ, ಕೆಲವರಿಗೆ ರೈಲು, ಕೆಲವರಿಗೆ ತಿಂಡಿ. ನಮ್ಮ ಹುಡುಗನಿಗೆ ಕ್ರಿಕೆಟ್. ಒಂದು ಶುಕ್ರವಾರ ಪೂರ್ತಿ ಅವನಿಗೇ ಬಿಟ್ಟೆವು. ರೀಜೆಂಟ್ಸ್ ಪಾರ್ಕಿನ ಪಕ್ಕದಲ್ಲಿ, ಚಿನ್ನದ ಬಣ್ಣದ ಗುಮ್ಮಟದ ಲಂಡನ್ ಸೆಂಟ್ರಲ್ ಮಸೀದಿ ಇದೆ. ಅಲ್ಲಿ ಜುಮಾ ನಮಾಜು ಮುಗಿಸಿ, ನಡೆದುಕೊಂಡೇ ಲಾರ್ಡ್ಸ್ ಮೈದಾನಕ್ಕೆ ಹೋಗಬಹುದು. ಮೈದಾನ ತೋರಿಸುವ ಪ್ರವಾಸಕ್ಕೆ ಮೊದಲೇ ಟಿಕೆಟ್ ಕಾದಿರಿಸಬೇಕು, ದೊಡ್ಡ ಪಂದ್ಯಗಳ ದಿನ ಇರುವುದಿಲ್ಲ.

1983ರ ಜೂನ್ 25ರಂದು ಭಾರತ ವಿಶ್ವಕಪ್ ಗೆದ್ದದ್ದು ಇದೇ ನೆಲದ ಮೇಲೆ. ಆ ತಂಡದಲ್ಲಿ ನಮ್ಮ ಕರ್ನಾಟಕದ ಇಬ್ಬರಿದ್ದರು. ರೋಜರ್ ಬಿನ್ನಿ 18 ವಿಕೆಟ್ ಪಡೆದು ಇಡೀ ಪಂದ್ಯಾವಳಿಯಲ್ಲೇ ಮೊದಲಿಗರಾದರು. ವಿಕೆಟ್ ಹಿಂದೆ ನಿಂತವರು ಸೈಯದ್ ಕಿರ್ಮಾನಿ. ಆ ಮೈದಾನ ಸಮತಟ್ಟಾಗಿಲ್ಲ, ಒಂದು ಬದಿಯಿಂದ ಇನ್ನೊಂದು ಬದಿಗೆ ಸುಮಾರು ಎರಡೂವರೆ ಮೀಟರ್ ಇಳಿಜಾರು. ಟಿವಿಯಲ್ಲಿ ನೋಡಿದರೆ ಗೊತ್ತಾಗುವುದಿಲ್ಲ, ಅಲ್ಲಿ ನಿಂತರೆ ಗೊತ್ತಾಗುತ್ತದೆ. ಚೆಂಡು ಅಲ್ಲಿ ಏಕೆ ಹಾಗೆ ತಿರುಗುತ್ತದೆ ಎಂದು ಹುಡುಗ ನನಗೆ ಹತ್ತು ನಿಮಿಷ ಫೋನಿನಲ್ಲಿ ವಿವರಿಸಿದ.

ಆ ಪ್ರವಾಸದ ನಡುವೆಯೇ ಒಂದು ಕೊಠಡಿ ಇದೆ. ಅಲ್ಲಿ ಒಂದು ಗುಬ್ಬಚ್ಚಿಯನ್ನು ಒಣಗಿಸಿ ಇಟ್ಟಿದ್ದಾರೆ. 1936ರ ಜುಲೈಯಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಪರವಾಗಿ ಆಡುತ್ತಿದ್ದ ಜಹಾಂಗೀರ್ ಖಾನ್ ಎಸೆದ ಚೆಂಡು ತಗುಲಿ ಸತ್ತ ಗುಬ್ಬಚ್ಚಿ ಅದು, ಚೆಂಡಿನ ಜೊತೆಗೇ ಇದೆ. ಹತ್ತಿರದಲ್ಲೇ ಆ್ಯಷಸ್ಸಿನ ಪುಟ್ಟ ಮಡಕೆ. ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯಾ ನೂರು ವರ್ಷಕ್ಕೂ ಮೇಲ್ಪಟ್ಟು ಯಾವುದಕ್ಕಾಗಿ ಗುದ್ದಾಡಿದವೋ ಅದು ಒಂದು ಗೇಣೂ ಇಲ್ಲ. ಹುಡುಗ ಆ ಕೊಠಡಿಯಿಂದ ಹೊರಗೆ ಬರಲು ಒಪ್ಪಲಿಲ್ಲವಂತೆ. ಅದು ಎಂಸಿಸಿ ಮ್ಯೂಸಿಯಂ ಎಂದು ಯಾರೂ ಅವನಿಗೆ ಹೇಳಲಿಲ್ಲ, ಅಬ್ಬಾ ಕೂಡ ಹೇಳಲಿಲ್ಲ. ಈ ಮೌನವನ್ನು ನಾನು ಬಹಳ ಮೆಚ್ಚುತ್ತೇನೆ.

ಐದನೆಯ ಸೂತ್ರ: ಒಂದೇ ವಸ್ತು, ಅರ್ಧ ಗಂಟೆ

ಒಪ್ಪಂದದಂತೆ ಒಂದು ಮ್ಯೂಸಿಯಂ ಉಳಿಯಿತು. ಅದು ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂ. ನೋಡುವ ವಸ್ತು ಟಿಪ್ಪುವಿನ ಹುಲಿ.

ಬಣ್ಣ ಬಳಿದ ಮರದ ಹುಲಿ, ಅದರ ಅಡಿಯಲ್ಲಿ ಬಿದ್ದಿರುವ ಒಬ್ಬ ಐರೋಪ್ಯ. ಹಿಡಿಕೆ ತಿರುಗಿಸಿದರೆ ಮನುಷ್ಯನ ಕೈ ಮೇಲೇಳುತ್ತದೆ, ಅವನು ನರಳುತ್ತಾನೆ, ಹುಲಿ ಗುರುಗುಟ್ಟುತ್ತದೆ. ಹೊಟ್ಟೆಯೊಳಗೆ ಒಂದು ಪುಟ್ಟ ಆರ್ಗನ್ ವಾದ್ಯ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪೆನಿಯ ಸೈನ್ಯದ ವಶವಾಗಿ ಹಡಗು ಹತ್ತಿತು. 1808ರಿಂದ ಲಂಡನ್ನಿನ ಕಂಪೆನಿಯ ಕಚೇರಿಯಲ್ಲಿ ಪ್ರದರ್ಶನಕ್ಕಿತ್ತು. ಬಂದವರೆಲ್ಲ ಹಿಡಿಕೆ ತಿರುಗಿಸಿ ತಿರುಗಿಸಿ, ಅಲ್ಲಿನ ಗ್ರಂಥಾಲಯದಲ್ಲಿ ಓದಲು ಕುಳಿತ ಪಂಡಿತರಿಗೆ ತಲೆ ಚಿಟ್ಟು ಹಿಡಿಯುತ್ತಿತ್ತು. 1880ರಲ್ಲಿ ಈಗಿನ ಮ್ಯೂಸಿಯಮ್ಮಿಗೆ ಬಂತು. ಎರಡನೆಯ ಮಹಾಯುದ್ಧದಲ್ಲಿ ಬಾಂಬಿನಿಂದ ಮಾಡು ಕುಸಿದು ಚೂರು ಚೂರಾಯಿತು, ಮತ್ತೆ ಜೋಡಿಸಿದರು.

ಹೊರಡುವ ಮೊದಲು ನಾನು ಹುಡುಗನನ್ನು ಒಂದು ದಿನ ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋಗಿದ್ದೆ. ಹುಲಿ ಹೊರಟ ಜಾಗವನ್ನು ಮೊದಲು ನೋಡಿದ, ಮೂರು ವಾರದ ಮೇಲೆ ಅದು ಸೇರಿದ ಜಾಗವನ್ನು ನೋಡಿದ. ಉಳಿದ ಕೊಠಡಿಗಳ ಮುಂದೆ ನಿಲ್ಲದೆ ನೇರವಾಗಿ ಅದರ ಮುಂದೆ ಹೋಗಿ ನಿಂತ. ಬಹಳ ಹೊತ್ತಾದ ಮೇಲೆ ತಂದೆಯನ್ನು ಕೇಳಿದನಂತೆ: ‘ಅಬ್ಬಾ, ಇದು ನಮ್ಮದಲ್ವಾ? ಇಲ್ಲಿ ಯಾಕಿದೆ?’ ಭಾವ ಉತ್ತರ ಹೇಳಿಬಿಡಬಹುದಿತ್ತು. ‘ನಿನಗೆ ಏನನ್ನಿಸುತ್ತೆ?’ ಎಂದು ಕೇಳಿದರು. ಹೊರಗೆ ಬಂದು ಹುಲ್ಲಿನ ಮೇಲೆ ಕುಳಿತು, ಕಟ್ಟಿಕೊಂಡು ಹೋಗಿದ್ದ ಚಪಾತಿ ತಿನ್ನುತ್ತಾ ಇಬ್ಬರೂ ಒಂದು ಗಂಟೆ ವಾದ ಮಾಡಿದರು. ಗೆದ್ದ ವಸ್ತು ಯಾರದ್ದು, ಹಿಂದಕ್ಕೆ ಕೊಡಬೇಕೋ ಬೇಡವೋ, ಅದು ಇಲ್ಲೇ ಇದ್ದಿದ್ದರೆ ಉಳಿಯುತ್ತಿತ್ತೋ ಇಲ್ಲವೋ. ದೊಡ್ಡ ದೊಡ್ಡ ವಿದ್ವಾಂಸರು ವಾದಿಸುವ ಪ್ರಶ್ನೆ ಇದು. ತಂದೆಯ ಅಭಿಪ್ರಾಯಕ್ಕೆ ಮಗ ಒಪ್ಪಲಿಲ್ಲ. ಭಾವ ನನಗೆ ಫೋನಿನಲ್ಲಿ ಹೇಳಿದ್ದು: ‘ಅವನು ನನ್ನ ಜೊತೆ ಇಷ್ಟು ಹೊತ್ತು ಮಾತಾಡಿದ್ದು ಇದೇ ಮೊದಲು.’

ಹನ್ನೊಂದು ಮ್ಯೂಸಿಯಂ ಸುತ್ತಿದ್ದರೆ ಈ ಒಂದು ಗಂಟೆ ಸಿಗುತ್ತಿತ್ತೇ, ನೀವೇ ಯೋಚಿಸಿ.

ಲಂಡನ್ನಿನ ರಾಷ್ಟ್ರೀಯ ಮ್ಯೂಸಿಯಂಗಳಿಗೆ ಸಾಮಾನ್ಯ ಪ್ರವೇಶ ಉಚಿತ. ಹೀಗಾಗಿ ಅರ್ಧ ಗಂಟೆಯಲ್ಲಿ ಹೊರಗೆ ಬಂದರೆ ಟಿಕೆಟ್ ದುಡ್ಡು ದಂಡ ಎಂಬ ಸಂಕಟ ಇಲ್ಲ. ಆದರೆ ನೋಡಬೇಕಾದ ವಸ್ತು ಆ ದಿನ ಯಾವ ಕೊಠಡಿಯಲ್ಲಿದೆ ಎಂದು ಅವರ ಜಾಲತಾಣದಲ್ಲಿ ಮೊದಲೇ ಖಚಿತ ಮಾಡಿಕೊಳ್ಳಿ. ವಸ್ತುಗಳನ್ನು ಜಾಗ ಬದಲಿಸುತ್ತಿರುತ್ತಾರೆ.

ಕೆಲವು ವ್ಯಾವಹಾರಿಕ ಮಾತುಗಳು

ಪೋಷಕರು ಮುಖ್ಯವಾಗಿ ಕೇಳುವುದು ಇವನ್ನೇ, ಆದ್ದರಿಂದ ಚುಟುಕಾಗಿ ಹೇಳುತ್ತೇನೆ.

ವೀಸಾ: ಬ್ರಿಟನ್ನಿನ ಪ್ರವಾಸಿ ವೀಸಾಕ್ಕೆ ಪ್ರಯಾಣದ ಮೂರು ತಿಂಗಳು ಮುಂಚೆಯಿಂದ ಅರ್ಜಿ ಹಾಕಬಹುದು. ಮಗುವಿಗೂ ಪ್ರತ್ಯೇಕ ಅರ್ಜಿ. ತಂದೆ ತಾಯಿಯರಲ್ಲಿ ಒಬ್ಬರೇ ಕರೆದೊಯ್ಯುವುದಾದರೆ ಇನ್ನೊಬ್ಬರ ಒಪ್ಪಿಗೆ ಪತ್ರ ಇರಲಿ. ಈ ವೀಸಾದಲ್ಲಿ ಪ್ಯಾರಿಸ್ಸಿಗೆ ಹೋಗುವಂತಿಲ್ಲ, ಅದಕ್ಕೆ ಷೆಂಗೆನ್ ವೀಸಾ ಬೇರೆ. ‘ಹತ್ತು ದಿನ, ಏಳು ದೇಶ’ ಎಂಬ ಪ್ಯಾಕೇಜುಗಳಲ್ಲಿ ಮಕ್ಕಳು ನೋಡುವುದು ಬಸ್ಸಿನ ಕಿಟಕಿ. ಒಂದೇ ನಗರ ಸಾಕು.

ಹಣ: ಆಗ ಒಂದು ಪೌಂಡಿಗೆ ನೂರೈದು ರೂಪಾಯಿ ಆಸುಪಾಸು ಇತ್ತು. ದಿನದ ಖರ್ಚಿನ ಪರ್ಸನ್ನು ಹುಡುಗನ ಕೈಗೇ ಕೊಟ್ಟಿದ್ದರು. ಮೊದಲ ದಿನ ಒಂದು ಐಸ್‌ಕ್ರೀಮಿಗೆ ರೂಪಾಯಿ ಲೆಕ್ಕ ಹಾಕಿ ಬೆಚ್ಚಿದವನು ಮಾರನೆಯ ದಿನದಿಂದ ಮನೆಯಿಂದಲೇ ಬುತ್ತಿ ಕಟ್ಟಿಸಿಕೊಂಡ. ಕುಡಿಯಲು ನಲ್ಲಿ ನೀರು ಚೆನ್ನಾಗಿದೆ, ಬಾಟಲಿ ಜೊತೆಯಲ್ಲಿರಲಿ.

ಊಟ, ನಮಾಜು: ಪೂರ್ವ ಲಂಡನ್ನಿನಲ್ಲಿ ಹಲಾಲ್ ಊಟಕ್ಕೆ ಕೊರತೆ ಇಲ್ಲ. ಮೇ ಕೊನೆಯಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಸುಮಾರಿಗೆ. ಮಗ್ರಿಬ್ ಅಷ್ಟು ತಡ, ಇಶಾ ಇನ್ನೂ ತಡ. ಹೀಗಾಗಿ ಬೆಳಗ್ಗೆ ಮಕ್ಕಳನ್ನು ಬೇಗ ಎಬ್ಬಿಸಿ ಓಡಿಸಬೇಡಿ. ಹತ್ತು ಗಂಟೆಗೆ ಹೊರಟರೂ ಬೆಳಕಿಗೆ ಬರವಿಲ್ಲ. ಒಂದು ದಿನ ಪೂರ್ತಿ ಯೋಜನೆ ಇಲ್ಲದೆ ಖಾಲಿ ಇಡಿ. ನಮ್ಮ ಹುಡುಗ ಆ ದಿನ ಹನ್ನೊಂದರವರೆಗೆ ಮಲಗಿ, ಸಂಜೆ ಅಲ್ಲಿನ ಅಣ್ಣಂದಿರ ಜೊತೆ ಪಾರ್ಕಿನಲ್ಲಿ ಚೆಂಡಾಡಿದ. ಅದೂ ಪ್ರವಾಸವೇ.

ಪುಕ್ಕಟೆಯಾಗಿ ನೋಡುವಂಥವು ಇನ್ನೂ ಇವೆ. 1894ರಲ್ಲಿ ತೆರೆದ ಟವರ್ ಬ್ರಿಡ್ಜ್ ಹಡಗುಗಳಿಗಾಗಿ ಈಗಲೂ ವರ್ಷಕ್ಕೆ ಸುಮಾರು 800 ಸಲ ಬಾಯಿ ತೆರೆಯುತ್ತದೆ. ಅದರ ವೇಳಾಪಟ್ಟಿ ಮೊದಲೇ ಪ್ರಕಟವಾಗುತ್ತದೆ. ಪಾರ್ಲಿಮೆಂಟಿನ ಎದುರು ದಂಡೆಯಲ್ಲಿ 2015ರ ನವೆಂಬರಿನಲ್ಲಿ ಅನಾವರಣಗೊಂಡ ಬಸವೇಶ್ವರರ ಪ್ರತಿಮೆ ಇದೆ. ಬ್ರಿಕ್ ಲೇನಿನ ಜಾಮೆ ಮಸೀದಿಯ ಕಟ್ಟಡವನ್ನು 1743ರಲ್ಲಿ ಫ್ರಾನ್ಸಿನಿಂದ ಓಡಿ ಬಂದ ಪ್ರೊಟೆಸ್ಟಂಟ್ ಕ್ರೈಸ್ತರು ಚರ್ಚೆಂದು ಕಟ್ಟಿದರು. ಮುಂದೆ ಮೆಥಡಿಸ್ಟರ ಪ್ರಾರ್ಥನಾಲಯವಾಯಿತು, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯಹೂದಿಗಳ ಸಿನಗಾಗ್ ಆಯಿತು, 1976ರಲ್ಲಿ ಮಸೀದಿಯಾಯಿತು. ನೆಲೆ ಹುಡುಕಿ ಬಂದವರು ಒಬ್ಬರ ನಂತರ ಒಬ್ಬರು ಒಂದೇ ಸೂರಿನ ಕೆಳಗೆ ದೇವರನ್ನು ನೆನೆದರು. ಗೋಡೆಯ ಮೇಲೆ ಆ 1743ರ ನೆರಳು ಗಡಿಯಾರ ಇನ್ನೂ ಇದೆ. ಇಂಥ ಕಟ್ಟಡದ ಮುಂದೆ ಮಗುವಿಗೆ ಸಹಬಾಳ್ವೆಯ ಭಾಷಣ ಬೇಡ, ವರ್ಷಗಳನ್ನು ಹೇಳಿದರೆ ಸಾಕು.

ಕೊನೆಯ ಮಾತು

ಮಾನ್ಯರೇ, ನಗರ ಯಾವುದೇ ಇರಲಿ, ಈ ಐದು ಸೂತ್ರಗಳು ಬದಲಾಗುವುದಿಲ್ಲ. ಬರ್ಲಿನ್ನಿಗೆ ಹೋದರೆ, 1989ರ ನವೆಂಬರಿನಲ್ಲಿ ಬಿದ್ದ ಗೋಡೆ ನಿಂತಿದ್ದ ದಾರಿಯನ್ನು ರಸ್ತೆಯಲ್ಲಿ ಎರಡು ಸಾಲು ಕಲ್ಲುಗಳು ತೋರಿಸುತ್ತವೆ, ಅದನ್ನು ಹಿಡಿದು ಮಗು ನಡೆಯಲಿ. ವಿಯೆನ್ನಾಕ್ಕೆ ಹೋದರೆ 1897ರ ದೈತ್ಯ ತಿರುಗುಚಕ್ರವನ್ನು ಹತ್ತಲಿ. ದಾರಿ ಮಗುವಿನದು, ಪ್ರಶ್ನೆ ನಿಮ್ಮದು, ಉತ್ತರ ಇಬ್ಬರದೂ.

ಹತ್ತನೆಯ ತರಗತಿ ಮುಗಿದ ಮೇಲೆ ಮಕ್ಕಳು ಕಾಲೇಜು, ಹಾಸ್ಟೆಲು, ನೌಕರಿ ಎಂದು ದೂರ ಹೋಗುತ್ತಾರೆ. ನಮ್ಮ ಜೊತೆ ಹೆಜ್ಜೆ ಹಾಕುವ ವರ್ಷಗಳು ಬೆರಳೆಣಿಕೆಯಷ್ಟು. ಕೊಲ್ಲಿಯಲ್ಲಿರುವ ತಂದೆಯರಿಗೆ ದಿನಗಳೇ ಬೆರಳೆಣಿಕೆಯಷ್ಟು. ಎಷ್ಟು ನೋಡಿದೆವು ಎಂದು ಪಟ್ಟಿಯ ಮೇಲೆ ಗೆರೆ ಎಳೆಯುವುದಕ್ಕೆ ಆ ದಿನಗಳನ್ನು ಕಳೆಯಬೇಡಿ. ಈ ಬೇಸಿಗೆಯಲ್ಲಿ ಯಾರ ಮನೆಯಲ್ಲಿ ಪ್ರಯಾಣದ ಮಾತು ನಡೆಯುತ್ತಿದೆಯೋ ಅವರು ಇಂದು ಸಂಜೆಯೇ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಂಡು, ಒಂದು ಖಾಲಿ ಹಾಳೆ ಕೊಟ್ಟು, ‘ನೀನೇ ಬರಿ’ ಎಂದು ಹೇಳಿ. ಅವರು ಬರೆದದ್ದನ್ನು ತಕ್ಷಣ ತಿದ್ದಬೇಡಿ.